ಸ್ಮಾರ್ಟ್‌ಫೋನ್ ಜಿಪಿಎಸ್ ಮತ್ತು ಮೊಬೈಲ್ ಜಾಲ: ಸಾಗರ, ಹೊಸನಗರ, ತೀರ್ಥಹಳ್ಳಿ

ಸ್ಮಾರ್ಟ್‌ಫೋನಿನ ಜಿಪಿಎಸ್ ಕೆಲಸ ಮಾಡಲು ಸಿಮ್ ಬೇಡ, ಟವರ್ ಬೇಡ, ಇಂಟರ್‌ನೆಟ್ಟೂ ಬೇಡ. ತಲೆಯ ಮೇಲೆ ಆಕಾಶ ತೆರೆದಿದ್ದರೆ ಸಾಕು. ಆದರೆ ಇರುವ ಜಾಗ ಬೇಗ ಗೊತ್ತಾಗಬೇಕು, ಅದು ನಕ್ಷೆಯ ಮೇಲೆ ಕಾಣಬೇಕು, ಇನ್ನೊಬ್ಬರಿಗೆ ತಲುಪಬೇಕು ಎಂದಾಗ ಮೊಬೈಲ್ ಕಂಪನಿಯ ಜಾಲ ಬೇಕಾಗುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಇವೆಲ್ಲ ಒಟ್ಟಿಗೇ ನಡೆಯುವುದರಿಂದ ಯಾವ ಕೆಲಸ ಉಪಗ್ರಹದ್ದು, ಯಾವುದು ಟವರಿನದ್ದು ಎಂದು ಬಳಸುವವರಿಗೆ ತಿಳಿಯುವುದೇ ಇಲ್ಲ. ಶಿವಮೊಗ್ಗ ಜಿಲ್ಲೆಯ ಪಶ್ಚಿಮಕ್ಕಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಎರಡೂ ದಿನಬೆಳಗಾದರೆ ಬೇರೆಬೇರೆಯಾಗುತ್ತವೆ. ಟವರ್ ಸಿಗದ ಕಣಿವೆಯಲ್ಲಿ ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಸರಿಯಾಗಿಯೇ ನಿಂತಿರುತ್ತದೆ, ಸುತ್ತ ನಕ್ಷೆ ಮಾತ್ರ ಇರುವುದಿಲ್ಲ. ಟವರ್ ಸಿಗುವ ಗುಡ್ಡದ ಮೇಲೆ ನಕ್ಷೆ ಬರುತ್ತದೆ, ಆದರೆ ಬೇಕಾದ ತೋಟ ಕೆಳಗಿರುತ್ತದೆ. "ಇಲ್ಲಿ ಜಿಪಿಎಸ್ ಹಿಡಿಯಲ್ಲ" ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ನೆಟ್‌ವರ್ಕಿನ ಕೊರತೆ.

ಉಪಗ್ರಹದ ಪಾಲು

ಜಿಪಿಎಸ್ ಅಮೆರಿಕದ ರಕ್ಷಣಾ ಇಲಾಖೆ ಕಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ 1978ರಲ್ಲಿ ಹಾರಿತು. 1995ರಲ್ಲಿ ವ್ಯವಸ್ಥೆ ಪೂರ್ತಿ ಸಜ್ಜಾಯಿತು. ನಾಗರಿಕರ ಬಳಕೆಯ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಲಾಯಿತು. ಇಂದು ಫೋನಿನಲ್ಲಿರುವ ಚಿಪ್ ಜಿಪಿಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ, ಕೆಲವು ಫೋನುಗಳಲ್ಲಿ ಭಾರತದ ನಾವಿಕ್ ಉಪಗ್ರಹಗಳನ್ನೂ ಅದು ಆಲಿಸುತ್ತದೆ. ಜನರ ಬಾಯಲ್ಲಿ ಎಲ್ಲದಕ್ಕೂ ಜಿಪಿಎಸ್ ಎಂದೇ ಹೆಸರು. ಈ ಲೇಖನದಲ್ಲೂ ಹಾಗೆಯೇ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಂಥ ಹೊತ್ತಿಗೆ ಇಂಥ ಜಾಗದಲ್ಲಿದ್ದೆ" ಎಂದು ಅವು ಸಾರುತ್ತಲೇ ಇರುತ್ತವೆ, ಫೋನು ಕೇಳಿಸಿಕೊಳ್ಳುತ್ತದೆ. ಫೋನಿನಿಂದ ಉಪಗ್ರಹಕ್ಕೆ ಏನೂ ಹೋಗುವುದಿಲ್ಲ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಮೈಕ್ರೊಸೆಕೆಂಡಿನ ತಪ್ಪು 300 ಮೀಟರಿನ ತಪ್ಪಾಗುತ್ತದೆ. ಫೋನಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲವಾದ್ದರಿಂದ ಅದರ ದೋಷವನ್ನೂ ಲೆಕ್ಕ ಹಾಕಿ ತೆಗೆಯಬೇಕು. ಹಾಗಾಗಿ ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು.

ತೊಡಕಿರುವುದು ಸಾರುವ ವೇಗದಲ್ಲಿ. ಉಪಗ್ರಹ ತನ್ನ ವಿವರವನ್ನು ಕಳಿಸುವುದು ಸೆಕೆಂಡಿಗೆ ಬರೀ 50 ಬಿಟ್‌ನಂತೆ. 1,500 ಬಿಟ್‌ಗಳ ಒಂದು ಕಂತಿಗೆ 30 ಸೆಕೆಂಡು ಬೇಕು. ಆ ಉಪಗ್ರಹದ ಸ್ವಂತ ಪಥದ ವಿವರ ಪ್ರತಿ ಕಂತಿನಲ್ಲೂ ಇರುತ್ತದೆ. ಉಳಿದೆಲ್ಲ ಉಪಗ್ರಹಗಳ ಒಟ್ಟಾರೆ ಪಂಚಾಂಗ 25 ಕಂತುಗಳಲ್ಲಿ ಹಂಚಿಹೋಗಿರುವುದರಿಂದ ಅದು ಪೂರ್ತಿ ಬರಲು ಹನ್ನೆರಡೂವರೆ ನಿಮಿಷ ಬೇಕು. ಬಹಳ ದಿನ ಲೊಕೇಶನ್ ಆಫ್ ಇದ್ದ ಫೋನನ್ನು ನೆಟ್‌ವರ್ಕ್ ಇಲ್ಲದ ಕಡೆ ಮೊದಲ ಸಲ ಆನ್ ಮಾಡಿದರೆ ಅದು ಹೀಗೆ ಮೊದಲಿನಿಂದ ಕಲಿಯಬೇಕು. ಪಂಚಾಂಗ ಪೂರ್ತಿ ಬರುವವರೆಗೆ ಕಾಯಬೇಕಿಲ್ಲವಾದ್ದರಿಂದ ತೆರೆದ ಗದ್ದೆಯಲ್ಲಾದರೆ ಒಂದೆರಡು ನಿಮಿಷದ ಕಾಯುವಿಕೆ. ಅಡಿಕೆ ಮರಗಳ ಕೆಳಗೆ ಕಥೆ ಬೇರೆ: ಸೋಗೆಗಳ ಸಂದಿಯಲ್ಲಿ ಬರುತ್ತಿದ್ದ ಸಂಕೇತ ಕಂತಿನ ನಡುವೆ ತುಂಡಾದರೆ ತಪ್ಪಿಹೋದ ಭಾಗ ಮತ್ತೆ ಬರುವವರೆಗೆ ಕಾಯಬೇಕು, ಅದೂ ತುಂಡಾದರೆ ಇನ್ನೊಂದು ಸುತ್ತು.

ಜಾಲದ ಪಾಲು

ಈ ಕಾಯುವಿಕೆಯನ್ನು ತಪ್ಪಿಸುವುದು ಮೊಬೈಲ್ ಜಾಲ ಮಾಡುವ ಮೊದಲ ಉಪಕಾರ. ಉಪಗ್ರಹದಿಂದ ನಿಧಾನವಾಗಿ ಬರಬೇಕಾದ ಪಥದ ವಿವರ ಇಂಟರ್‌ನೆಟ್ಟಿನ ಮೂಲಕ ಸರ್ವರಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಹತ್ತಿರದ ಟವರ್ ಯಾವುದೆಂದು ತಿಳಿದರೆ ಆಕಾಶದ ಯಾವ ಭಾಗದಲ್ಲಿ ಯಾವ ಉಪಗ್ರಹ ಇರಬೇಕೆಂದೂ ಫೋನಿಗೆ ಅಂದಾಜು ಸಿಗುತ್ತದೆ. ಇದಕ್ಕೆ ಎ-ಜಿಪಿಎಸ್, ಅಂದರೆ ನೆರವಿನ ಜಿಪಿಎಸ್ ಎಂದು ಹೆಸರು. ತುರ್ತು ಕರೆ ಮಾಡಿದವರ ಜಾಗವನ್ನು ಮೊಬೈಲ್ ಕಂಪನಿಗಳು ತಿಳಿಸಬೇಕೆಂದು ಅಮೆರಿಕದ ಸಂಪರ್ಕ ಆಯೋಗ 1996ರಲ್ಲಿ ಮಾಡಿದ ನಿಯಮ ಈ ತಂತ್ರಕ್ಕೆ ದೊಡ್ಡ ಒತ್ತಾಸೆಯಾಯಿತು. ಹಲವು ಫೋನುಗಳು ಮುಂದಿನ ಕೆಲವು ದಿನಗಳ ಪಥದ ಮುನ್ಸೂಚನೆಯನ್ನು ಒಂದು ಪುಟ್ಟ ಫೈಲಾಗಿ ಮೊದಲೇ ಇಳಿಸಿಟ್ಟುಕೊಳ್ಳುತ್ತವೆ. ಬೆಳಗ್ಗೆ ಸಾಗರ ಪೇಟೆಯಲ್ಲಿ ಡೇಟಾ ಆನ್ ಇದ್ದ ಫೋನು ಮಧ್ಯಾಹ್ನ ಶರಾವತಿ ಹಿನ್ನೀರಿನಾಚೆ ನೆಟ್‌ವರ್ಕ್ ಇಲ್ಲದಿದ್ದರೂ ಚುರುಕಾಗಿ ಜಾಗ ಹಿಡಿಯುವುದು ಇದರಿಂದಲೇ.

ಎರಡನೆಯದು ನಕ್ಷೆ. ಉಪಗ್ರಹಗಳಿಂದ ಸಿಗುವುದು ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಇಷ್ಟೇ. ರಸ್ತೆ, ಹೊಳೆ, ಊರಿನ ಹೆಸರು ಎಲ್ಲವೂ ಇಂಟರ್‌ನೆಟ್ಟಿನಿಂದ ಬರಬೇಕು, ಇಲ್ಲವೇ ಫೋನಿನಲ್ಲಿ ಮೊದಲೇ ಇರಬೇಕು. ಮೂರನೆಯದು ರವಾನೆ: ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ಕಳಿಸುವುದಾಗಲಿ, ಸರ್ಕಾರಿ ಆ್ಯಪ್‌ನಲ್ಲಿ ಫೋಟೊ ಏರಿಸುವುದಾಗಲಿ ಡೇಟಾ ಇಲ್ಲದೆ ಆಗದು.

ನಾಲ್ಕನೆಯ ಬಳಕೆಯೂ ಇದೆ, ಹಳ್ಳಿಗರಿಗೆ ಅದರಿಂದ ಲಾಭಕ್ಕಿಂತ ಗೊಂದಲವೇ ಹೆಚ್ಚು. ಉಪಗ್ರಹ ಸಿಗದಾಗ ಫೋನು ಟವರನ್ನೂ ವೈಫೈ ಪೆಟ್ಟಿಗೆಗಳನ್ನೂ ನೋಡಿ ಜಾಗ ಊಹಿಸುತ್ತದೆ. ಪೇಟೆಯಲ್ಲಿ ಟವರುಗಳು ಒತ್ತಾಗಿರುವುದರಿಂದ, ಮನೆಮನೆಗೂ ವೈಫೈ ಇರುವುದರಿಂದ ಊಹೆ ಹತ್ತಿರ ಬರುತ್ತದೆ. ಮಲೆನಾಡಿನಲ್ಲಿ ಒಂದು ಟವರಿಗೂ ಇನ್ನೊಂದಕ್ಕೂ ನಡುವೆ ಹಲವು ಗುಡ್ಡಗಳಿರುತ್ತವೆ. ಹಳೆಯ 2ಜಿ ವ್ಯವಸ್ಥೆಯಲ್ಲಿ ಟವರಿನಿಂದ ಫೋನಿಗಿರುವ ದೂರವನ್ನು ಸುಮಾರು 550 ಮೀಟರಿನ ಮೆಟ್ಟಿಲುಗಳಲ್ಲಷ್ಟೇ ಅಳೆಯಬಹುದಿತ್ತು. ಒಂದು ಟವರಿನ ಗರಿಷ್ಠ ವ್ಯಾಪ್ತಿ 35 ಕಿ.ಮೀ. ಹಿನ್ನೀರಿನ ದಂಡೆಯಲ್ಲಿ ನೀರಿನ ಮೇಲೆ ಅಡ್ಡಿಯಿಲ್ಲದೆ ಬರುವ ಆಚೆ ದಡದ ಟವರನ್ನು ಫೋನು ಹಿಡಿದುಕೊಂಡರೆ ನಕ್ಷೆಯ ದೊಡ್ಡ ನೀಲಿ ವೃತ್ತ ಎರಡು ಹೋಬಳಿಗಳನ್ನು ನುಂಗಿ ಕೂರುತ್ತದೆ. ನೀರಿನಾಚೆಯ ಊರಿಗೆ ರಸ್ತೆಯಲ್ಲಿ ಹೋಗಲು ಗಂಟೆಗಟ್ಟಲೆ ಬೇಕು ಎಂಬುದು ಆ ವೃತ್ತಕ್ಕೆ ಗೊತ್ತಿಲ್ಲ.

ಮೂರು ತಾಲ್ಲೂಕುಗಳ ಸ್ಥಿತಿ

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ 300 ಚದರ ಕಿ.ಮೀ.ಗೂ ಹೆಚ್ಚು ನೆಲ ಮುಳುಗಿ ಸಾಗರದ ಕರೂರು, ಬಾರಂಗಿ ಕಡೆಯ ಹಳ್ಳಿಗಳು ದ್ವೀಪದಂತಾದವು. ಹೊಸನಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿನ ಜೊತೆಗೆ ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳೂ ಇವೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಪಟ್ಟಿಯಲ್ಲಿ ಸದಾ ಇರುತ್ತವೆ. ತೀರ್ಥಹಳ್ಳಿಯ ಪಶ್ಚಿಮದ ಅಂಚು ಆಗುಂಬೆ. ಮನೆಗಳು ಒಂದು ಕಡೆ ಗುಂಪಾಗಿಲ್ಲ. ಕಣಿವೆಗೊಂದು ತೋಟ, ತೋಟಕ್ಕೊಂದು ಮನೆ. ಟವರ್ ಹಾಕುವ ಕಂಪನಿಗೆ ಗಿರಾಕಿಗಳು ಕಡಿಮೆ, ಗುಡ್ಡಗಳು ಜಾಸ್ತಿ, ಜಾಗ ಅರಣ್ಯದ್ದಾದರೆ ಅನುಮತಿಯ ಓಡಾಟ ಬೇರೆ.

ಮಳೆಗಾಲದಲ್ಲಿ ಇರುವ ಟವರುಗಳೂ ಕೈಕೊಡುತ್ತವೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ನಡೆದು ನಿಲ್ಲುತ್ತದೆ, ಜನರೇಟರಿಗೆ ಡೀಸೆಲ್ ಬಂದರೆ ಬಂತು. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ನೀರು ಕೊಟ್ಟ ಸೀಮೆಯಲ್ಲಿ ಕರೆಂಟಿಲ್ಲದೆ ಟವರ್ ಮಲಗುವುದನ್ನು ಇಲ್ಲಿನವರು ಕಹಿಯಾಗಿಯೇ ನೆನೆಯುತ್ತಾರೆ. ಮಳೆ ಬಂದರೆ ಜಿಪಿಎಸ್ ನಿಲ್ಲುತ್ತದೆ ಎಂಬ ನಂಬಿಕೆ ಹುಟ್ಟಿದ್ದೂ ಬಹುಶಃ ಹೀಗೆಯೇ. ವಾಸ್ತವದಲ್ಲಿ ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್ ಸಂಕೇತವನ್ನು ಮಳೆ ಹನಿಗಳು ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ಟವರಿನಿಂದ ಟವರಿಗೆ ಸಂಪರ್ಕ ಒಯ್ಯುವ, ಅದಕ್ಕಿಂತ ಬಹಳ ಹೆಚ್ಚಿನ ಕಂಪನದ ಮೈಕ್ರೊವೇವ್ ಕೊಂಡಿಗಳನ್ನು ಜಡಿಮಳೆ ಬಾಧಿಸುತ್ತದೆ. ಜಿಪಿಎಸ್‌ಗೆ ನಿಜವಾದ ಅಡ್ಡಿ ಮಳೆಯಲ್ಲಿ ನೆನೆದ ಎಲೆ.

ಕೋವಿಡ್ ಕಾಲದ ಆನ್‌ಲೈನ್ ಪಾಠಗಳು ನೆಟ್‌ವರ್ಕಿನ ಕೊರತೆಯನ್ನು ಬೀದಿಗೆ ತಂದವು. ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. 2021ರಲ್ಲಿ ಸಾಗರ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳಲ್ಲಿ "ನೋ ನೆಟ್‌ವರ್ಕ್ ನೋ ವೋಟಿಂಗ್" ಅಭಿಯಾನ ನಡೆಯಿತು. 4ಜಿ ತಲುಪದ ದೇಶದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ ಟವರ್ ಒದಗಿಸುವ 26,316 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು.

ತೋಟದೊಳಗಿನ ಲೆಕ್ಕ

ಮಲೆನಾಡಿನ ರೈತನಿಗೆ ಜಿಪಿಎಸ್ ಪರಿಚಯವಾದದ್ದು ದಾರಿ ಹುಡುಕಲು ಅಲ್ಲ, ಪಹಣಿಗೆ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ 2020ರಿಂದ ರೈತರೇ ತಮ್ಮ ಫೋನಿನ ಆ್ಯಪ್‌ನಲ್ಲಿ ಬೆಳೆ ದಾಖಲಿಸುವ ಅವಕಾಶ ಬಂತು. ಅದಕ್ಕೆ ಮೊದಲು ಮತ್ತು ಆಮೇಲೆಯೂ ಊರಿನ ಓದಿದ ಹುಡುಗರು ಖಾಸಗಿ ನಿವಾಸಿಗಳೆಂಬ ಹೆಸರಿನಲ್ಲಿ ಈ ಕೆಲಸ ಮಾಡುತ್ತ ಬಂದಿದ್ದಾರೆ. ನೆಟ್‌ವರ್ಕ್ ಇರುವ ಕಡೆ ಸರ್ವೆ ನಂಬರಿನ ನಕ್ಷೆ ಇಳಿಸಿಕೊಳ್ಳಬೇಕು, ಜಮೀನಿಗೆ ಹೋಗಿ ಗಡಿಯೊಳಗೆ ನಿಂತು ಫೋಟೊ ತೆಗೆಯಬೇಕು, ಮತ್ತೆ ನೆಟ್‌ವರ್ಕಿಗೆ ಬಂದು ಅಪ್‌ಲೋಡ್ ಮಾಡಬೇಕು. ಜಾಲವನ್ನೂ ಉಪಗ್ರಹವನ್ನೂ ಬೇರೆಬೇರೆ ಹೊತ್ತಿಗೆ ಬಳಸುವ ಈ ಜೋಡಣೆ ಮಲೆನಾಡಿಗೆ ಹೇಳಿ ಮಾಡಿಸಿದಂತಿದೆ. ಜಮೀನಿನಲ್ಲೇ ಡೇಟಾ ಕೇಳುವ ಆ್ಯಪ್‌ಗಳಿಗಿಂತ ಎಷ್ಟೋ ಮೇಲು.

ಆದರೂ ತೋಟದೊಳಗೆ ಇದು ಸಲೀಸಲ್ಲ. ತೆರೆದ ಬಯಲಿನಲ್ಲಿ ಒಳ್ಳೆಯ ಫೋನಿನ ತಪ್ಪು ಐದು ಮೀಟರಿನ ಆಸುಪಾಸು. ಅಡಿಕೆ, ಅದರ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಬಾಳೆ, ಕೆಳಗೆ ಏಲಕ್ಕಿ ಇರುವ ತೋಟದಲ್ಲಿ, ಅದೂ ಎರಡು ಕಡೆ ಸೊಪ್ಪಿನ ಬೆಟ್ಟ ಎದ್ದಿರುವ ಕಣಿವೆಯಲ್ಲಿ, ಅಂಚಿನ ಉಪಗ್ರಹಗಳೆಲ್ಲ ಮರೆಯಾಗಿ ನೆತ್ತಿಯ ಮೇಲಿನವು ಮಾತ್ರ ಉಳಿಯುತ್ತವೆ. ಕೆಲವು ಸಂಕೇತಗಳು ಗುಡ್ಡಕ್ಕೆ ಬಡಿದು ಸುತ್ತುಬಳಸಿ ಬರುತ್ತವೆ. ತಪ್ಪು ಹತ್ತು, ಇಪ್ಪತ್ತು ಮೀಟರಿಗೆ ಏರುತ್ತದೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಮೀಟರಿನಲ್ಲಿ ಹೇಳಿದರೆ ಒಂದು ಬದಿ ಸುಮಾರು ಹತ್ತು. ಅಂದರೆ ತೋಟದೊಳಗೆ ಫೋನಿನ ಸಾಮಾನ್ಯ ತಪ್ಪು ಒಂದು ಗುಂಟೆಯನ್ನು ಪೂರ್ತಿ ದಾಟುವಷ್ಟಿದೆ. ಬಯಲುಸೀಮೆಯ ನಾಲ್ಕೈದು ಎಕರೆ ಹೊಲದ ನಡುವೆ ನಿಂತವನಿಗೆ ಇದು ಗಮನಕ್ಕೂ ಬಾರದು. ಅಣ್ಣತಮ್ಮಂದಿರ ಪಾಲಾಗಿ ಎಂಟು ಹತ್ತು ಗುಂಟೆಯ ಪಟ್ಟಿಗಳಾದ ತೋಟದಲ್ಲಿ ರೈತ ತನ್ನ ಮರದ ಬುಡದಲ್ಲೇ ನಿಂತಿದ್ದರೂ ಚುಕ್ಕೆ ಪಕ್ಕದ ಹಿಸ್ಸಾದಲ್ಲಿ ಕೂತಿರುತ್ತದೆ. ಇಂಬಳ ಕಾಲೇರುತ್ತಿರುವಾಗ ಚುಕ್ಕೆಯ ಸುತ್ತಲಿನ ವೃತ್ತ ಚಿಕ್ಕದಾಗುವವರೆಗೆ ಅಲ್ಲಾಡದೆ ನಿಲ್ಲುವುದೇ ಉಪಾಯ. ಇಲ್ಲವೇ ಕಪ್ಪಿನ (ಬಸಿಗಾಲುವೆಯ) ದಾರಿಯಲ್ಲೋ ಬೇಲಿಯಂಚಿನಲ್ಲೋ ಆಕಾಶ ಬಿಚ್ಚಿಕೊಂಡ ಜಾಗ ಹುಡುಕಬೇಕು. ಬೆಳೆ ಸಮೀಕ್ಷೆಯ ಈ ದಾಖಲೆಗೆ ಬೆಲೆ ಇರುವುದು ಬೆಳೆ ವಿಮೆ, ಪರಿಹಾರಗಳಲ್ಲಿ ಅದನ್ನು ನೋಡುವುದರಿಂದ. ಅಡಿಕೆಯ ಹವಾಮಾನ ಆಧಾರಿತ ವಿಮೆಗೆ ಬೇಕಾದ ಮಳೆ ಲೆಕ್ಕವೂ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ ಬರುತ್ತದೆ; ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ ಮಾಪಕಗಳು ವರದಿ ಕಳಿಸುವುದೂ ಮೊಬೈಲ್ ಜಾಲದ ಮೂಲಕವೇ.

ದಿಶಾಂಕ್ ಆ್ಯಪ್‌ನ ಸ್ವಭಾವ ಬೇರೆ. ನಿಂತ ನೆಲದ ಸರ್ವೆ ನಂಬರನ್ನು ಥಟ್ಟನೆ ತೋರಿಸುವ ಇದು ಭೂಮಿ ಕೊಳ್ಳುವವರಿಗೂ ಗಡಿ ತಕರಾರಿನವರಿಗೂ ಬಹಳ ಉಪಯೋಗದ್ದು, ಆದರೆ ನಕ್ಷೆ ಆ ಕ್ಷಣವೇ ಸರ್ವರಿನಿಂದ ಬರಬೇಕು. ಉದ್ಯೋಗ ಖಾತರಿಯ ಹಾಜರಾತಿಯೂ ಇದೇ ಇಕ್ಕಟ್ಟಿಗೆ ಸಿಕ್ಕಿತು. ಕೂಲಿಕಾರರ ಫೋಟೊವನ್ನು ಜಾಗದ ಗುರುತಿನೊಂದಿಗೆ ದಿನಕ್ಕೆ ಎರಡು ಸಲ ಆ್ಯಪ್‌ನಲ್ಲಿ ದಾಖಲಿಸುವುದನ್ನು 2023ರ ಜನವರಿ 1ರಿಂದ ಕಡ್ಡಾಯ ಮಾಡಿದಾಗ ನೆಟ್‌ವರ್ಕಿಗಾಗಿ ಅಲೆಯುವ ಹೊರೆ ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧುಗಳ ಮೇಲೆ ಬಿತ್ತು. ಬಗರ್‌ಹುಕುಂ ಅರ್ಜಿಗಳ ಪರಿಶೀಲನೆಗೂ ಈಗ ಆ್ಯಪ್ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಆ್ಯಪ್‌ಗಳ ಕೆಲಸದ ಒತ್ತಡ ಅವರ ಮುಖ್ಯ ದೂರುಗಳಲ್ಲೊಂದಾಗಿತ್ತು.

ಅರಣ್ಯದಲ್ಲಿ

"ಜಿಪಿಎಸ್ ಸರ್ವೆ ಆಗಿದೆಯಾ?" ಎಂಬ ಮಾತು 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಈ ಭಾಗದ ಗ್ರಾಮಸಭೆಗಳಲ್ಲಿ ಮಾಮೂಲಾಯಿತು. ಸಾಗುವಳಿ ಜಾಗದ ಸುತ್ತ ಯಂತ್ರ ಹಿಡಿದು ನಡೆದು ಗಡಿ ಗುರುತಿಸುವ ಕ್ರಮ ಅದು. ಕೈಯಲ್ಲಿ ಹಿಡಿಯುವ ಇಂಥ ಯಂತ್ರಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಟವರಿಲ್ಲದೆ ಜಿಪಿಎಸ್ ನಡೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಳತೆಯ ನಿಖರತೆಯ ಮಿತಿ ಮಾತ್ರ ಅಲ್ಲೂ ಇದ್ದದ್ದೇ. ಉಪಗ್ರಹ ಚಿತ್ರ ಮುಂತಾದ ತಂತ್ರಜ್ಞಾನ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದೇ ಹೊರತು ಅವುಗಳ ಬದಲಿಗೆ ಬರುವಂತಿಲ್ಲ ಎಂದು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳೇ ಹೇಳುತ್ತವೆ. ಮುಳುಗಡೆಯಾಗಿ ಬಂದು ಕಾಡಂಚಿನಲ್ಲಿ ನೆಲೆನಿಂತ ಕುಟುಂಬಗಳಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಆಗುಂಬೆಯಲ್ಲಿ ಇನ್ನೊಂದು ಬಗೆಯ ಜಾಡು ಹಿಡಿಯುವ ಕೆಲಸ ನಡೆದಿದೆ. ರೋಮ್ಯುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ 2008ರಲ್ಲಿ ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಓಡಾಟ ಗಮನಿಸತೊಡಗಿತು. ಇಲ್ಲಿ ಉಪಗ್ರಹದ ಪಾತ್ರ ಇಲ್ಲ: ಬಿಲದೊಳಗೆ ಹೋಗುವ ಹಾವಿಗೆ ಆಕಾಶ ಕಾಣದು. ಆಂಟೆನಾ ಹಿಡಿದ ಮನುಷ್ಯರೇ ಹಾವಿನ ಹಿಂದೆ ಕಾಡು ಸುತ್ತಬೇಕು.

ರಸ್ತೆ, ಘಾಟಿ, ಸೇತುವೆ

ಪ್ರವಾಸಿಗರಿಗೆ ಜಾಲದ ಕೊರತೆ ತಟ್ಟುವುದು ದಾರಿ ಬದಲಾದಾಗ. ಹೊರಡುವಾಗ ಹಾಕಿಕೊಂಡ ದಾರಿ ಫೋನಿನಲ್ಲಿ ಉಳಿದಿರುತ್ತದೆ, ಟವರ್ ಹೋದರೂ ಬಾಣ ಮುಂದುವರಿಯುತ್ತದೆ. ತಿರುವು ತಪ್ಪಿದರೆ ಹೊಸ ದಾರಿ ಲೆಕ್ಕ ಹಾಕಲು ಡೇಟಾ ಬೇಕು; ಅದಿಲ್ಲದಿದ್ದರೆ ಬಾಣ ನಡುಗಾಡಿನಲ್ಲಿ ಬರಿಯ ಬಿಳಿ ಪರದೆಯ ಮೇಲೆ ತೆವಳುತ್ತದೆ. ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನ ನಿಷೇಧಿಸಿದ್ದು, ಹುಲಿಕಲ್‌ನಲ್ಲಿ ಗುಡ್ಡ ಕುಸಿದದ್ದು ಹಳೆಯ ನಕ್ಷೆಗೆ ತಿಳಿಯದು. ಕೊಡಚಾದ್ರಿಗೆ ಹೋಗುವ ಜೀಪಿನ ಹಾದಿ ನಕ್ಷೆಯಲ್ಲಿ ಗೆರೆಯಾಗಿ ಕಾಣುತ್ತದೆ, ಅದನ್ನು ನಂಬಿ ಕಾರು ಏರಿಸುವಂತಿಲ್ಲ.

ಹಳತಾದ ನಕ್ಷೆಗೆ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಒಳ್ಳೆಯ ಉದಾಹರಣೆ. ಸಿಗಂದೂರು, ತುಮರಿ ಕಡೆಗೆ ಹೋಗುವವರು ದಶಕಗಳ ಕಾಲ ಲಾಂಚಿಗೆ ಕಾದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅಂದಿನ ಮಟ್ಟಿಗೆ ಮುಗಿಯಿತು, ನಕ್ಷೆ ಎಷ್ಟೇ ಕಡಿಮೆ ದೂರ ತೋರಿಸಲಿ. 2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಇಳಿಸಿಟ್ಟ ನಕ್ಷೆಯ ಫೋನು ಹಿಡಿದು ಸೇತುವೆ ದಾಟಿದರೆ ಚುಕ್ಕೆ ನೀರಿನ ನಡುವೆ ತೇಲುತ್ತ ಹೋಗುತ್ತದೆ. ಉಪಗ್ರಹದ ಲೆಕ್ಕ ಆಗಲೂ ಸರಿ, ಹಳತಾಗಿರುವುದು ನಕ್ಷೆ.

ನಾವಿಕ್ ಮತ್ತು ತುರ್ತು ಕರೆ

ಭಾರತದ ಸ್ವಂತ ನಾವಿಕ್ ವ್ಯವಸ್ಥೆಗೆ ಕರ್ನಾಟಕದ ನಂಟು ಗಟ್ಟಿಯಾಗಿದೆ. ಅದರ ನಾವಿಗೇಶನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 2013ರಲ್ಲಿ ಶುರುವಾಯಿತು. ಉಪಗ್ರಹಗಳ ನಿಯಂತ್ರಣ ಹಾಸನದಿಂದ, ಈ ತಾಲ್ಲೂಕುಗಳಿಂದ ಇನ್ನೂರು ಕಿಲೋಮೀಟರಿನೊಳಗೆ. ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಇವು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭಾರತದ ಆಸುಪಾಸಿನ ಆಕಾಶದಲ್ಲೇ ನಿಲ್ಲುವುದರಿಂದ ಕೆಲವು ಮಲೆನಾಡಿನ ಕಣಿವೆಗೂ ನೆತ್ತಿಯ ಹತ್ತಿರವೇ ಕಾಣುತ್ತವೆ; ಗುಡ್ಡ ಮರೆಮಾಡುವ ಜಾಗಕ್ಕೆ ಇದು ಅನುಕೂಲ. ಆದರೆ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟು ವ್ಯವಸ್ಥೆ ಸೊರಗಿದೆ. 2023ರ ಮೇ 29ರಂದು ದೇಶೀ ಗಡಿಯಾರ ಹೊತ್ತ ಎನ್‌ವಿಎಸ್-01 ಹಾರಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ಸೇರಲಿಲ್ಲ. ಸದ್ಯಕ್ಕೆ ನಾವಿಕ್ ಇತರ ವ್ಯವಸ್ಥೆಗಳ ಜೊತೆ ಸೇರಿ ನೆರವಾಗುತ್ತದೆ, ಅದೊಂದನ್ನೇ ನಂಬುವ ಸ್ಥಿತಿ ಇಲ್ಲ. ಫೋನು ಕೊಳ್ಳುವವರು ಎಲ್1, ಎಲ್5 ಎಂಬ ಎರಡೂ ಸಂಕೇತ ಹಿಡಿಯುವ ಚಿಪ್ ಇದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಗುಡ್ಡಕ್ಕೆ ಬಡಿದು ಬರುವ ಸಂಕೇತದ ಗೊಂದಲ ಅದರಲ್ಲಿ ಕಡಿಮೆ.

2016ರ ಕೇಂದ್ರ ನಿಯಮಗಳ ಪ್ರಕಾರ 2017ರಿಂದ ಮಾರುವ ಫೋನುಗಳಲ್ಲಿ ತುರ್ತು ಗುಂಡಿ, 2018ರಿಂದ ಜಿಪಿಎಸ್ ಇರಬೇಕಾಯಿತು. 112ಕ್ಕೆ ಕರೆ ಮಾಡುವಾಗ ಸ್ವಂತ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಫೋನು ಅದನ್ನು ಬಳಸಲು ಯತ್ನಿಸುತ್ತದೆ. ಯಾವ ಟವರೂ ಇಲ್ಲದ ಕಡೆ ತಾನಿರುವ ಜಾಗ ಫೋನಿಗೆ ಮೀಟರಿನಷ್ಟು ಚೆನ್ನಾಗಿ ಗೊತ್ತಿದ್ದರೂ ಹೊರಗೆ ಹೇಳುವ ದಾರಿ ಇರುವುದಿಲ್ಲ. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಜಾಲದ ಮೇಲಿನ ಅವಲಂಬನೆಯಲ್ಲಿ ಅತಿ ದುಬಾರಿಯಾದದ್ದು ಇದು. ಉಳಿದವಕ್ಕೆಲ್ಲ ಮುಂಜಾಗ್ರತೆಯಿಂದ ಪರಿಹಾರವಿದೆ.

ಕವಲೇದುರ್ಗಕ್ಕೋ ಕೊಡಚಾದ್ರಿಗೋ ಹೊರಡುವವರು ಪೇಟೆಯಲ್ಲಿರುವಾಗಲೇ ಆ ಭಾಗದ ನಕ್ಷೆ ಇಳಿಸಿಕೊಳ್ಳಿ, ಕಾಡು ಹೊಗುವ ಮೊದಲು ಬಯಲಿನಲ್ಲಿ ಒಮ್ಮೆ ಲೊಕೇಶನ್ ಆನ್ ಮಾಡಿ ಚುಕ್ಕೆ ನಿಲ್ಲುವವರೆಗೆ ಕಾಯಿರಿ. ಸಿಕ್ಕಿಬಿದ್ದರೆ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ ನಾಲ್ಕು ಅಂಕಿಗಳವರೆಗೆ ಬರೆದು ಎಸ್‌ಎಂಎಸ್ ಮಾಡಿ: ನಾಲ್ಕನೆಯ ಅಂಕಿ ಎಂದರೆ ಸುಮಾರು ಹನ್ನೊಂದು ಮೀಟರ್, ಹುಡುಕಿ ಬರುವವರಿಗೆ ಅಷ್ಟು ಸಾಕು. ಲೊಕೇಶನ್ ಲಿಂಕ್ ಹೋಗದ ಕಡೆಯೂ ಎಸ್‌ಎಂಎಸ್ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಹೋಗುತ್ತದೆ.